ಕಾಲಕ್ಕೆ ಕಟ್ಟುಬೀಳದ ಅವರೆಯನ್ನು ಕೊಡಗಿನಲ್ಲಿ ಆರಿಸುವ ಬಗೆ

ಹಬ್ಬುವ ನಾಟಿ ಅವರೆಯನ್ನು ಜೂನಿನಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ಹೂ ಬಿಡುವುದು ನವೆಂಬರ್ ಸುಮಾರಿಗೇ. ಕಾಫಿಗೆ ಹೂಮಳೆ ಬಿದ್ದರೆ ಸಾಕು. ಅವರೆಗೆ ಇರುಳು ಉದ್ದವಾಗಬೇಕು. ಕೊಡಗಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನದು 11 ಗಂಟೆ 25 ನಿಮಿಷ. ಗಿಡಕ್ಕೆ ಇಷ್ಟು ವ್ಯತ್ಯಾಸವೇ ಧಾರಾಳ. ಹೆಬ್ಬಾಳ ಅವರೆ-4 ಎಂಬ ಗಿಡ್ಡ ತಳಿಗೆ ಈ ಕಟ್ಟು ಇಲ್ಲ. ನಾಟಿಯ ಸೊಗಡಿಗೆ ಆ ಗುಣವನ್ನು ಕೂಡಿಸಲು ನಾನು ಹಿಡಿಯುವ ದಾರಿ ಇದು.

ಸೋಯಾ ಅವರೆಯಲ್ಲಿ ಇದರ ಒಳಕೆಲಸ ಚೆನ್ನಾಗಿ ತಿಳಿದಿದೆ. ಹಗಲು ಉದ್ದವಿದ್ದಾಗ ಇ1 ಜೀನು, ಹೂ ಬರಿಸುವ ಎಫ್‌ಟಿ ಜೀನುಗಳನ್ನು ಅದುಮಿಡುತ್ತದೆ. ಬೆಳಕನ್ನು ಗ್ರಹಿಸುವ ಇ3, ಇ4 ಫೈಟೋಕ್ರೋಮ್ ಜೀನುಗಳು ಇ1ಕ್ಕೆ ಬಲ ಕೊಡುತ್ತವೆ. ತಡೆ ಕೆಟ್ಟರೆ ಹೂ ಬೇಗ. ಅವರೆಯಲ್ಲೂ ಬೇಗ ಹೂ ಬಿಡುವ ಗುಣ ಅಪ್ರಬಲ, ಅಂದರೆ ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುತ್ತದೆ. ಹಾಗಾಗಿ ಅದು ಒಮ್ಮೆ ಗಿಡದಲ್ಲಿ ಕಂಡಿತೆಂದರೆ ಮುಂದಿನ ಬೀಜದಲ್ಲಿ ಒಡೆಯುವುದಿಲ್ಲ.

ಹೆಬ್ಬಾಳ ಅವರೆಯನ್ನೇ ತಾಯಿಗಿಡ ಮಾಡಬೇಕು. ನಾಟಿಯ ಹೂವಿಗೆ ಜೊತೆಯಾಗಲು ಅದನ್ನು ಸೆಪ್ಟೆಂಬರ್ ಕೊನೆಗೊಮ್ಮೆ, ಅಕ್ಟೋಬರ್ ಮಧ್ಯಕ್ಕೊಮ್ಮೆ ಬಿತ್ತುತ್ತೇನೆ. ಮರುದಿನ ಅರಳುವ ಮೊಗ್ಗನ್ನು ಸಂಜೆ ಬಿಡಿಸಿ, ಹತ್ತೂ ಕೇಸರಗಳನ್ನು ಚಿಮಟದಿಂದ ತೆಗೆದು, ಬಟರ್ ಪೇಪರ್ ಚೀಲ ಕಟ್ಟಿ, ಬೆಳಿಗ್ಗೆ ನಾಟಿಯ ಪರಾಗ ಮುಟ್ಟಿಸುವುದು. ಒಂದು ಕೇಸರ ಉಳಿದರೂ ಸ್ವಪರಾಗ. ಆದರೆ ಆ ಬೀಜವನ್ನು ಮುಂದಿನ ಆಗಸ್ಟಿನಲ್ಲಿ ಬಿತ್ತಿದಾಗ ಗಿಡವೇ ಹೇಳುತ್ತದೆ: ಗಿಡ್ಡಗಿದ್ದು ಬೇಗ ಹೂ ಬಿಟ್ಟಿದ್ದು ಸ್ವಪರಾಗದ್ದು, ಹಬ್ಬಿ ತಡಮಾಡಿದ್ದು ನಿಜವಾದ ಮಿಶ್ರತಳಿ. ನಾಟಿಯನ್ನು ತಾಯಿ ಮಾಡಿದರೆ ಈ ಗುರುತು ಸಿಗುವುದಿಲ್ಲ.

ಆ ಮಿಶ್ರತಳಿಯ ಬೀಜದಿಂದ ಬರುವ ಎರಡನೇ ಪೀಳಿಗೆಯ ಬಿತ್ತನೆಯ ದಿನದ ಮೇಲೆ ಎಲ್ಲವೂ ನಿಂತಿದೆ. ಫೆಬ್ರವರಿ ಆರಂಭದಲ್ಲಿ ಹಗಲು ಇನ್ನೂ 12 ಗಂಟೆ ದಾಟಿರುವುದಿಲ್ಲ. ಆಗ ಬಿತ್ತಿದರೆ ನಾಟಿ ಗುಣದವೂ ಹೂ ಬಿಟ್ಟು ಮೋಸ ಮಾಡಬಹುದು. ಏಪ್ರಿಲ್ ಕೊನೆಗೆ ಬಿತ್ತಿದರೆ ಹೂವಿನ ಹೊತ್ತಿಗೆ ಮುಂಗಾರು ಬಂದು ಎಲ್ಲ ಉದುರುತ್ತದೆ. ಮಾರ್ಚ್ ಮಧ್ಯವೇ ಸರಿ: ಗಿಡ ಬೆಳೆಯುವುದು ಉದ್ದ ಹಗಲಿನಲ್ಲಿ, ಹೂವು ಮೇ ಆರಂಭಕ್ಕೆ. ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಕನಿಷ್ಠ 60 ಗಿಡ ಬೇಕು. ಒಂದೇ ಜೀನಿನ ಆಟವಾದರೆ ಕಾಲು ಭಾಗ, ಅಂದರೆ ಸುಮಾರು 15, ಬೇಗ ಹೂ ಬಿಡುತ್ತವೆ.

ದಿನ ಎಣಿಸಿದರೆ ಸಾಲದು, ಮೊದಲ ಹೂಗೊಂಚಲು ಎಷ್ಟನೇ ಗೆಣ್ಣಿನಲ್ಲಿ ಬಂತೆಂದೂ ಬರೆದಿಡಬೇಕು. ಚಳಿಯು ದಿನಗಳ ಲೆಕ್ಕವನ್ನು ಎಳೆದಾಡಿಸುತ್ತದೆ, ಗೆಣ್ಣಿನ ಲೆಕ್ಕ ಅಷ್ಟು ಕದಲುವುದಿಲ್ಲ. ಸಿಲ್ವರ್ ಓಕ್ ನೆರಳು ಬೇಡ, ಬಯಲು ಗದ್ದೆಯೇ ಬೇಕು. ಅಂಗಳದ ಬಲ್ಬು, ಬೀದಿದೀಪದ ಹತ್ತಿರದ ಸಾಲುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಇರುಳಿನ ಬೆಳಕು ಫೈಟೋಕ್ರೋಮಿಗೆ ಹಗಲಿನಂತೆಯೇ. ಯೂರಿಯಾ ಹೆಚ್ಚಾದರೂ ಸೊಪ್ಪೇ ಸೊಪ್ಪು.

ಗಿಡ್ಡತನಕ್ಕೆ ಬೇರೆಯೇ ಜೀನಿದೆ. ಹಬ್ಬುವ ಗಿಡವೆಂದು ಕಿತ್ತೆಸೆಯಬಾರದು, ಬೇಗ ಹೂ ಬಿಟ್ಟ ಹಬ್ಬುಗಿಡವೂ ಇರುತ್ತದೆ.

ಆರಿಸಿದ ಪ್ರತಿ ಗಿಡದ ಬೀಜ ಬೇರೆ ಪೊಟ್ಟಣಕ್ಕೆ. ಮುಂದಿನ ಪೀಳಿಗೆಯಲ್ಲಿ ಒಂದು ಸಾಲಿಗೆ 20 ಬೀಜ, ಮತ್ತೆ ಮಾರ್ಚಿನಲ್ಲೇ. ಸಾಲಿನಲ್ಲಿ ಒಂದೆರಡು ತಡಮಾಡಿದರೆ ದುಂಬಿಗಳು ಪಕ್ಕದ ಪರಾಗ ತಂದಿವೆ ಎಂದು ಅವನ್ನು ಮಾತ್ರ ಕೀಳುತ್ತೇನೆ. ಹಲವು ತಡವಾದರೆ ಸಾಲನ್ನೇ ಬಿಡುತ್ತೇನೆ. ಉಳಿದ ಸಾಲುಗಳ ಬೀಜವನ್ನು ಅಕ್ಟೋಬರಿನಲ್ಲಿ ಬಿತ್ತಿ, ಡಿಸೆಂಬರಿನ ಇಬ್ಬನಿಯಲ್ಲಿ ಬಲಿತ ಕಾಯಿಯನ್ನು ಉಜ್ಜಿ ಸೊಗಡು ನೋಡುತ್ತೇನೆ.