ಕೊರಿಯಾದಲ್ಲಿ ಓದಬೇಕಾ? ಕಾಲೇಜಿನ ಹೆಸರು ಕೊನೆಗೆ ನೋಡಿ

ಕೊರಿಯಾದಲ್ಲಿ ಓದಬೇಕು ಅನ್ನುವವರು ಸಾಮಾನ್ಯವಾಗಿ ಮೂರು ಹೆಸರು ಹಿಡಿದುಕೊಂಡೇ ಶುರು ಮಾಡುತ್ತಾರೆ. ಸಿಯೋಲ್ ನ್ಯಾಷನಲ್, ಕೊರಿಯಾ ಯೂನಿವರ್ಸಿಟಿ, ಯೋನ್ಸೆ. ಒಳ್ಳೆಯ ವಿಶ್ವವಿದ್ಯಾಲಯಗಳೇ, ಅನುಮಾನವಿಲ್ಲ. ಆದರೆ ನಾನು ಹೇಳುವುದು ಉಲ್ಟಾ ಕ್ರಮ. ಯಾವ ಭಾಷೆಯಲ್ಲಿ ಓದುತ್ತೀರಿ ಅನ್ನುವುದು ಮೊದಲು, ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಆಮೇಲೆ. ಕಾಲೇಜಿನ ಹೆಸರು ಕೊನೆಗೆ. ಮೊದಲೆರಡಕ್ಕೆ ಉತ್ತರ ಸಿಕ್ಕರೆ ಪಟ್ಟಿ ತಾನೇ ಚಿಕ್ಕದಾಗುತ್ತದೆ.

ಭಾಷೆಯ ವಿಷಯಕ್ಕೆ ಬರೋಣ. ಪದವಿ ಮಟ್ಟದಲ್ಲಿ ಬಹುಪಾಲು ಪಾಠ ಕೊರಿಯನ್‌ನಲ್ಲೇ ನಡೆಯುತ್ತದೆ. ಟಾಪಿಕ್ ಅಂತ ಒಂದು ಭಾಷಾ ಪರೀಕ್ಷೆ ಇದೆ, ಒಟ್ಟು 6 ಹಂತ. ಸೇರಲು ಹೆಚ್ಚಿನ ಕಡೆ 3ನೇ ಹಂತ ಕೇಳುತ್ತಾರೆ, ಎಷ್ಟೋ ಕಡೆ ಪದವಿ ಕೈಗೆ ಸಿಗಬೇಕಾದರೆ 4ನೇ ಹಂತ ದಾಟಿರಬೇಕು. ಫಲಿತಾಂಶ 2 ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ತುಂಬಾ ಮುಂಚೆಯೇ ಬರೆದಿಟ್ಟುಕೊಂಡು ಪ್ರಯೋಜನವಿಲ್ಲ. ಭಾಷೆ ಗೊತ್ತಿಲ್ಲದವರು ಡಿ-4 ವೀಸಾದಲ್ಲಿ ಹೋಗಿ ವಿಶ್ವವಿದ್ಯಾಲಯದ ಭಾಷಾ ಸಂಸ್ಥೆಯಲ್ಲಿ ಕಲಿಯಬಹುದು. ಅಲ್ಲಿ ಒಂದು ಹಂತಕ್ಕೆ 10 ವಾರ, 200 ಗಂಟೆ ಪಾಠ. ಮಾತಾಡೋದಕ್ಕೆ ಒತ್ತು ಬೇಕು ಅಂದರೆ ಸೋಗಾಂಗ್ ವಿಶ್ವವಿದ್ಯಾಲಯದ ಸಂಸ್ಥೆ ಹೆಸರುವಾಸಿ. ಯೋನ್ಸೆಯ ಸಂಸ್ಥೆ 1959ರಿಂದ ನಡೆಯುತ್ತಿದೆ, ಅಲ್ಲಿ ವ್ಯಾಕರಣ, ಬರವಣಿಗೆ ಜಾಸ್ತಿ ಅನ್ನುವ ಮಾತಿದೆ.

ಇಂಗ್ಲಿಷ್‌ನಲ್ಲೇ ಓದಬೇಕು ಅಂದರೆ ದಾರಿ ಇಲ್ಲ ಅಂತಲ್ಲ. ದೇಜಾನ್‌ನ ಕೈಸ್ಟ್, ಉಲ್ಸಾನ್‌ನ ಯುನಿಸ್ಟ್, ಯೋನ್ಸೆಯ ಅಂಡರ್‌ವುಡ್ ಇಂಟರ್‌ನ್ಯಾಷನಲ್ ಕಾಲೇಜು, ಇಲ್ಲೆಲ್ಲ ಪಾಠ ಬಹುಪಾಲು ಇಂಗ್ಲಿಷ್‌ನಲ್ಲಿ. ಉಳಿದ ಕಡೆ 'ಇಂಗ್ಲಿಷ್ ಮಾಧ್ಯಮ ಲಭ್ಯ' ಅಂತ ಬರೆದಿದ್ದರೆ ಸುಮ್ನೆ ನಂಬಬೇಡಿ. ಕಳೆದ ಸೆಮಿಸ್ಟರಿನಲ್ಲಿ ನಿಮ್ಮ ವಿಭಾಗದಲ್ಲಿ ನಿಜಕ್ಕೂ ಯಾವ ಯಾವ ವಿಷಯ ಇಂಗ್ಲಿಷ್‌ನಲ್ಲಿ ನಡೆಯಿತು ಅಂತ ಇಮೇಲ್ ಮಾಡಿ ಪಟ್ಟಿ ಕೇಳಿ. ಕೊಡಲು ಹಿಂದೇಟು ಹಾಕಿದರೆ ಅದೇ ಉತ್ತರ ಅಂದುಕೊಳ್ಳಿ. ಇನ್ನೊಂದು ವಿಷಯ, ಪಾಠ ಇಂಗ್ಲಿಷ್‌ನಲ್ಲಿದ್ದರೂ ಗುಂಪು ಪ್ರಾಜೆಕ್ಟಿನ ಮಾತುಕತೆ ಕಾಕಾವೋಟಾಕ್ ಅನ್ನುವ ಮೆಸೇಜ್ ಆಪ್‌ನಲ್ಲಿ, ಅದೂ ಕೊರಿಯನ್‌ನಲ್ಲಿ ಓಡುತ್ತಿರುತ್ತದೆ. ಆದ್ದರಿಂದ ಯಾವ ಕೋರ್ಸ್ ಆದರೂ ಕೊರಿಯನ್ ಬರೆಯುವ ಹಂಗುಲ್ ಲಿಪಿ ಕಲಿತೇ ವಿಮಾನ ಹತ್ತಿ, ಅದಕ್ಕೆ ಒಂದು ವಾರ ಸಾಕು.

ಈಗ ದುಡ್ಡು. ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಒಂದು ಸೆಮಿಸ್ಟರಿಗೆ ಸುಮಾರು 20ರಿಂದ 35 ಲಕ್ಷ ವೋನ್ (ವೋನ್ ಅಂದರೆ ಕೊರಿಯಾದ ನಾಣ್ಯ), ಖಾಸಗಿಯಲ್ಲಿ ಅದರ ಎರಡು ಪಟ್ಟು ಕೂಡ ಆಗಬಹುದು. ಬೂಸಾನ್ ನ್ಯಾಷನಲ್, ದೇಗುವಿನ ಕ್ಯೊಂಗ್‌ಬುಕ್ ನ್ಯಾಷನಲ್, ಗ್ವಾಂಗ್ಜುವಿನ ಜೊನ್ನಾಮ್ ನ್ಯಾಷನಲ್ ಇವುಗಳನ್ನು ನಮ್ಮವರು ಯಾಕೋ ನೋಡುವುದೇ ಇಲ್ಲ. ಶುಲ್ಕ ಕಮ್ಮಿ, ಮನೆ ಬಾಡಿಗೆ ಇನ್ನೂ ಕಮ್ಮಿ. ವೀಸಾಕ್ಕೆ ಬ್ಯಾಂಕಿನಲ್ಲಿ ತೋರಿಸಬೇಕಾದ ಹಣದಲ್ಲೂ ವ್ಯತ್ಯಾಸವಿದೆ. 2023ರಲ್ಲಿ ನಿಯಮ ಬದಲಾದ ಮೇಲೆ ಪದವಿ ಕೋರ್ಸಿಗೆ ಸಿಯೋಲ್ ಸುತ್ತಮುತ್ತ 2 ಕೋಟಿ ವೋನ್, ಹೊರಗಿನ ಪ್ರಾಂತ್ಯಗಳಲ್ಲಿ 1.6 ಕೋಟಿ ವೋನ್.

ವಿದ್ಯಾರ್ಥಿವೇತನ ಅಂದರೆ ಎಲ್ಲರೂ ಮೊದಲು ಹೇಳುವುದು ಜಿಕೆಎಸ್, ಅಂದರೆ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್. ಕೊರಿಯಾ ಸರ್ಕಾರದ್ದು. ಶುಲ್ಕ, ವಿಮಾನದ ಟಿಕೆಟ್, ತಿಂಗಳ ಖರ್ಚು, ಜೊತೆಗೆ ಒಂದು ವರ್ಷದ ಭಾಷಾ ತರಬೇತಿ ಎಲ್ಲ ಸೇರಿರುತ್ತದೆ. ಆ ವರ್ಷದ ಕೊನೆಗೆ ಟಾಪಿಕ್ 3 ಬರದಿದ್ದರೆ ಮುಂದೆ ಪದವಿಗೆ ಹೋಗಲು ಬಿಡುವುದಿಲ್ಲ, ಮೊದಲೇ 5 ಅಥವಾ 6 ಇದ್ದರೆ ಭಾಷಾ ವರ್ಷವೇ ಬೇಕಿಲ್ಲ. ಸ್ನಾತಕೋತ್ತರಕ್ಕೆ ಅರ್ಜಿ ಫೆಬ್ರವರಿ ಹೊತ್ತಿಗೆ, ಪದವಿಗೆ ಸೆಪ್ಟೆಂಬರ್ ಹೊತ್ತಿಗೆ ಕರೆಯುತ್ತಾರೆ. ಅಂಕ 80 ಶೇಕಡಾಕ್ಕಿಂತ ಕೆಳಗಿದ್ದರೆ ಕಷ್ಟ. ಅರ್ಜಿ ಹಾಕಲು ಎರಡು ದಾರಿ, ರಾಯಭಾರ ಕಚೇರಿಯ ಮೂಲಕ ಅಥವಾ ನೇರವಾಗಿ ವಿಶ್ವವಿದ್ಯಾಲಯದ ಮೂಲಕ. ಒಂದು ವರ್ಷಕ್ಕೆ ಒಂದೇ ದಾರಿ ಹಿಡಿಯಬೇಕು, ಎರಡೂ ಕಡೆ ಹಾಕಿದರೆ ಅರ್ಜಿಯೇ ರದ್ದು. ರಾಯಭಾರ ಕಚೇರಿ ದಾರಿಯಲ್ಲಿ ಸ್ನಾತಕೋತ್ತರಕ್ಕೆ 3 ವಿಶ್ವವಿದ್ಯಾಲಯ ಬರೆಯಬಹುದು, ಇನ್ನೊಂದರಲ್ಲಿ ಒಂದೇ. ನನ್ನನ್ನು ಕೇಳಿದರೆ, ಸಂಶೋಧನೆಗೆ ಪ್ರೊಫೆಸರ್ ಆಗಲೇ ಒಪ್ಪಿಕೊಂಡಿದ್ದರೆ ವಿಶ್ವವಿದ್ಯಾಲಯದ ದಾರಿ ಸರಿ, ಇಲ್ಲದಿದ್ದರೆ ರಾಯಭಾರ ಕಚೇರಿ.

ಆದರೆ ಜಿಕೆಎಸ್ ಒಂದನ್ನೇ ಕಾಯುತ್ತಾ ಕೂರಬೇಡಿ. ಹೆಚ್ಚಿನ ವಿಶ್ವವಿದ್ಯಾಲಯಗಳು ಮೊದಲ ಸೆಮಿಸ್ಟರಿಗೆ ಟಾಪಿಕ್ ಅಥವಾ ಇಂಗ್ಲಿಷ್ ಅಂಕ ನೋಡಿ ಶುಲ್ಕದಲ್ಲಿ ಒಂದು ಪಾಲು ಬಿಡುತ್ತವೆ, ಮುಂದಿನದ್ದು ನಿಮ್ಮ ಗ್ರೇಡ್ ಮೇಲೆ.

ಎಂಎಸ್, ಪಿಎಚ್‌ಡಿ ಮಾಡುವವರಿಗೆ ಲೆಕ್ಕ ಪೂರ್ತಿ ಬೇರೆ. ಅಲ್ಲಿ ನೀವು ಸೇರುವುದು ಕಾಗದದ ಮೇಲೆ ವಿಶ್ವವಿದ್ಯಾಲಯಕ್ಕೆ, ನಿಜದಲ್ಲಿ ಒಬ್ಬ ಪ್ರೊಫೆಸರ್‌ ಲ್ಯಾಬಿಗೆ. ನಿಮ್ಮ ಸಂಬಳ, ರಜೆ, ಯಾವಾಗ ಪದವಿ ಮುಗಿಯುತ್ತದೆ ಅನ್ನುವುದು, ಕೊನೆಗೆ ನಿದ್ದೆ ಕೂಡ ಅವರ ಕೈಯಲ್ಲಿ. ಹಾಗಾಗಿ ಅರ್ಜಿ ತೆರೆಯುವ ನಾಲ್ಕೈದು ತಿಂಗಳ ಮುಂಚೆಯೇ ಇಮೇಲ್ ಶುರು ಮಾಡಿ. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಿದರೆ ಅವರಿಗೆ ಗೊತ್ತಾಗುತ್ತದೆ. ಅವರ ಇತ್ತೀಚಿನ ಎರಡು ಪೇಪರ್ ಓದಿ, ನಿಮ್ಮ ಕೆಲಸ ಅದಕ್ಕೆ ಎಲ್ಲಿ ಸೇರುತ್ತದೆ ಅಂತ ನಾಲ್ಕು ಸಾಲು ಬರೆಯಿರಿ, ಸಿವಿ ಲಗತ್ತಿಸಿ, ಅಷ್ಟೇ. ಪ್ರೊಫೆಸರ್ ಒಪ್ಪಿದ ಖುಷಿಯಲ್ಲಿ ತಕ್ಷಣ ಹೂಂ ಅನ್ನಬೇಡಿ, ಆ ಲ್ಯಾಬಿನಲ್ಲಿ ಈಗಿರುವ ಅಥವಾ ಬಿಟ್ಟುಹೋದ ವಿದೇಶಿ ವಿದ್ಯಾರ್ಥಿಯನ್ನು ಹುಡುಕಿ ಮಾತಾಡಿಸಿ. ದಿನಕ್ಕೆ ಎಷ್ಟು ಗಂಟೆ ಇರಬೇಕು, ಶನಿವಾರ ಬರಬೇಕಾ, ಲ್ಯಾಬ್ ಮೀಟಿಂಗ್ ಯಾವ ಭಾಷೆಯಲ್ಲಿ, ತಿಂಗಳಿಗೆ ಕೈಗೆ ಎಷ್ಟು ಸಿಗುತ್ತದೆ, ಇಷ್ಟನ್ನು ಸಂಕೋಚ ಬಿಟ್ಟು ಕೇಳಿ. ಆ ಲ್ಯಾಬಿಗೆ ಬಿಕೆ21 ಅನ್ನುವ ಸರ್ಕಾರಿ ಅನುದಾನ ಇದೆಯಾ ಅಂತಲೂ ಕೇಳಿ. ಇದ್ದರೆ ವಿದ್ಯಾರ್ಥಿಗಳಿಗೆ ತಿಂಗಳ ಹಣ ಬರುವ ಸಾಧ್ಯತೆ ಜಾಸ್ತಿ.

ವರ್ಷಕ್ಕೆ ಎರಡು ಸಲ ಪ್ರವೇಶ, ಮಾರ್ಚ್ ಮತ್ತು ಸೆಪ್ಟೆಂಬರ್. ಮಾರ್ಚಿಗೆ ಹೋಗುವವರು ಹಿಂದಿನ ವರ್ಷದ ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಅರ್ಜಿ ಹಾಕಿರಬೇಕು. ದಾಖಲೆಗಳಲ್ಲಿ ಸಮಯ ತಿನ್ನುವುದು ಅಪೊಸ್ಟಿಲ್, ಅಂದರೆ ನಮ್ಮ ದಾಖಲೆ ಅಸಲಿ ಅಂತ ಬೇರೆ ದೇಶ ಒಪ್ಪುವಂಥ ಸರ್ಕಾರಿ ಮುದ್ರೆ. ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮಾಡಿಸಬೇಕು. ಒಂದು ಎಚ್ಚರಿಕೆ: ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲು ಅಲ್ವಾ? ಅಲ್ಲಿನ ಕಚೇರಿಯವರಿಗೆ ಅದು ಇಬ್ಬರು ಬೇರೆ ಮನುಷ್ಯರಂತೆ ಕಾಣುತ್ತದೆ. ಎರಡೂ ಒಬ್ಬರೇ ಅನ್ನುವ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ವಿದೇಶಿ ವಿದ್ಯಾರ್ಥಿ ಕೋಟಾದಲ್ಲಿ ಪದವಿಗೆ ಸೇರುವಾಗ ಅಪ್ಪ ಅಮ್ಮ ಇಬ್ಬರೂ ಕೊರಿಯಾದ ಪ್ರಜೆಗಳಲ್ಲ ಅನ್ನುವುದಕ್ಕೂ ಪುರಾವೆ ಕೇಳುತ್ತಾರೆ, ಸಾಮಾನ್ಯವಾಗಿ ನಿಮ್ಮ ಜನನ ಪ್ರಮಾಣಪತ್ರ, ಅವರ ಗುರುತಿನ ದಾಖಲೆ ಸಾಕಾಗುತ್ತದೆ.

ಅರ್ಜಿ ಶುಲ್ಕ ಕಟ್ಟುವ ಮುಂಚೆ ಆ ವಿಶ್ವವಿದ್ಯಾಲಯ ಕೊರಿಯಾ ಶಿಕ್ಷಣ ಸಚಿವಾಲಯದ ಮಾನ್ಯತೆ ಪಟ್ಟಿಯಲ್ಲಿದೆಯಾ ನೋಡಿ. ಐಇಕ್ಯೂಎಎಸ್ ಅಂತ ಅದರ ಹೆಸರು. ವಿದೇಶಿ ವಿದ್ಯಾರ್ಥಿಗಳನ್ನು ಸರಿಯಾಗಿ ನೋಡಿಕೊಳ್ಳದ ಕಾಲೇಜುಗಳಿಗೆ ವೀಸಾ ನಿರ್ಬಂಧ ಇರುತ್ತದೆ, ಅಲ್ಲಿ ಸೀಟು ಸಿಕ್ಕರೂ ವೀಸಾ ಸಿಗುವುದು ಅನುಮಾನ. ಏಜೆಂಟ್ ಈ ವಿಷಯ ಬಾಯಿ ಬಿಡುವುದಿಲ್ಲ. ಅಷ್ಟಕ್ಕೂ ಏಜೆಂಟ್ ಯಾಕೆ ಬೇಕು, ಸ್ಟಡಿ ಇನ್ ಕೊರಿಯಾ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಎಲ್ಲ ಇಂಗ್ಲಿಷ್‌ನಲ್ಲೇ ಇದೆ.

ಪ್ರವೇಶ ಪತ್ರ ಬಂದ ಮೇಲೆ ಡಿ-2, ಅಂದರೆ ಪದವಿ ಓದುವವರ ವೀಸಾ. ಭಾರತದಿಂದ ಹೋಗುವವರಿಗೆ ಕ್ಷಯ ಪರೀಕ್ಷೆಯ ವರದಿ ಕಡ್ಡಾಯ, ಅದೂ ರಾಯಭಾರ ಕಚೇರಿ ಸೂಚಿಸಿದ ಆಸ್ಪತ್ರೆಯಿಂದಲೇ.

ಇಳಿದ ಮೇಲೆ 90 ದಿನದೊಳಗೆ ನಿವಾಸ ಕಾರ್ಡ್ ಮಾಡಿಸಬೇಕು. ಹಳಬರು ಇದನ್ನು ಎಆರ್‌ಸಿ ಅಂತಲೇ ಕರೆಯುತ್ತಾರೆ. 90 ದಿನ ಇದೆಯಲ್ಲ ಅಂತ ಕೂರಬೇಡಿ, ಸೆಮಿಸ್ಟರ್ ಶುರುವಾದಾಗ ವಲಸೆ ಕಚೇರಿಯಲ್ಲಿ ದಿನ ಸಿಗುವುದೇ ಕಷ್ಟ, ಹೈಕೊರಿಯಾ ಜಾಲತಾಣದಲ್ಲಿ ಇಳಿದ ದಿನವೇ ಬುಕ್ ಮಾಡಿ. ಈ ಕಾರ್ಡ್ ಇಲ್ಲದೆ ಸ್ವಂತ ಹೆಸರಿನಲ್ಲಿ ಫೋನ್ ಪ್ಲಾನ್ ಕಷ್ಟ, ಫೋನ್ ಇಲ್ಲದೆ ಆನ್‌ಲೈನ್‌ನಲ್ಲಿ ಗುರುತು ಸಾಬೀತು ಮಾಡಲು ಆಗದು, ಅದಿಲ್ಲದೆ ಊಟ ತರಿಸುವ ಆಪ್ ಕೂಡ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಅಲ್ಲಿಯ ತನಕ ಕೈಯಲ್ಲಿ ಒಂದಷ್ಟು ನಗದು ಇರಲಿ. ಆರೋಗ್ಯ ವಿಮೆ 2021ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿಗಳಿಗೂ ಕಡ್ಡಾಯ. ತಿಂಗಳಿಗೆ 70,000 ವೋನ್‌ಗಿಂತ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಕಟ್ಟದೆ ಬಿಟ್ಟರೆ ವೀಸಾ ವಿಸ್ತರಣೆಯ ಹೊತ್ತಿಗೆ ತೊಂದರೆ. ಮನೆ ಬದಲಿಸಿದರೆ 15 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು, ಮರೆತರೆ ದಂಡ.

ಮೊದಲ ವರ್ಷ ಹಾಸ್ಟೆಲ್ ಬಿಡಬೇಡಿ. ಹೊರಗೆ ಒನ್‌ರೂಮ್ ಅಂದರೆ ಬಾಡಿಗೆ ಬೇರೆ, ಠೇವಣಿ ಬೇರೆ, ಸಿಯೋಲ್‌ನಲ್ಲಿ ಆ ಠೇವಣಿಯೇ 50 ಲಕ್ಷದಿಂದ 1 ಕೋಟಿ ವೋನ್ ಕೇಳುವುದು ಸಾಮಾನ್ಯ. ಠೇವಣಿ ಕಮ್ಮಿ ಬೇಕು ಅಂದರೆ ಗೋಶಿವೊನ್ ಅನ್ನುವ ಪುಟ್ಟ ಬಾಡಿಗೆ ಕೋಣೆ ಇದೆ, ಮಂಚ, ಮೇಜು ಹಾಕಿದರೆ ಮುಗಿಯಿತು, ಕೆಲವಕ್ಕೆ ಕಿಟಕಿಯೂ ಇರುವುದಿಲ್ಲ.

ಓದಿನಲ್ಲಿ ಆಶ್ಚರ್ಯ ಪಡಿಸುವುದು ಎರಡು. ವಿಷಯ ಆಯ್ಕೆ ಮಾಡುವ ದಿನ ಸೀಟುಗಳು ಸೆಕೆಂಡುಗಳಲ್ಲಿ ಖಾಲಿ. ಅಲ್ಲಿನ ಹುಡುಗರು ವೇಗದ ನೆಟ್ ಬೇಕು ಅಂತ ಬೆಳಗ್ಗೆಯೇ ಪಿಸಿ ಬಾಂಗ್‌ನಲ್ಲಿ, ಅಂದರೆ ಅಲ್ಲಿನ ಸೈಬರ್ ಕೆಫೆಯಲ್ಲಿ, ಹೋಗಿ ಕೂರುತ್ತಾರೆ. ಇನ್ನೊಂದು, ಎಷ್ಟೋ ವಿಷಯಗಳಲ್ಲಿ ಇಂತಿಷ್ಟು ಪಾಲು ಜನರಿಗೆ ಮಾತ್ರ ಎ ಗ್ರೇಡ್. 90 ತೆಗೆದರೂ ಉಳಿದವರು 95 ತೆಗೆದಿದ್ದರೆ ಬಿ. ಹಾಜರಾತಿ ಕಾಲುಭಾಗಕ್ಕಿಂತ ಜಾಸ್ತಿ ತಪ್ಪಿದರೆ ಸಾಮಾನ್ಯವಾಗಿ ನೇರ ಫೇಲು.

ಸಸ್ಯಾಹಾರಿಗಳಿಗೆ ಮೊದಲ ತಿಂಗಳು ಕಷ್ಟವೇ. ತರಕಾರಿ ಸಾರು ಅಂದರೂ ಅದರ ನೀರು ಒಣಮೀನಿನದ್ದಿರಬಹುದು, ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ಸಾಸ್ ಇರುತ್ತದೆ. ಅಡುಗೆಮನೆ ಇರುವ ಹಾಸ್ಟೆಲ್ ಸಿಕ್ಕರೆ ಪುಣ್ಯ. ಬೇಳೆ, ಮಸಾಲೆ ಸಿಯೋಲ್‌ನ ಇಟೆವೊನ್ ಕಡೆಯ ಅಂಗಡಿಗಳಲ್ಲಿ ಸಿಗುತ್ತದೆ. ತಿನ್ನಲು ತಕರಾರಿಲ್ಲದವರಿಗೆ ಎಷ್ಟೋ ಕ್ಯಾಂಪಸ್ಸುಗಳಲ್ಲಿ ಬೆಳಗಿನ ಊಟ 1,000 ವೋನ್‌ಗೇ ಇದೆ.

ಪಾರ್ಟ್ ಟೈಮ್ ಕೆಲಸ ಮಾಡಬಹುದು, ಆದರೆ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯ ಸಹಿ, ಆಮೇಲೆ ವಲಸೆ ಕಚೇರಿಯ ಅನುಮತಿ. ವಾರಕ್ಕೆ ಎಷ್ಟು ಗಂಟೆ ಅನ್ನುವುದು ನಿಮ್ಮ ಕೋರ್ಸ್ ಮತ್ತು ಟಾಪಿಕ್ ಹಂತದ ಮೇಲೆ ನಿಲ್ಲುತ್ತದೆ, ಭಾಷೆ ಬರದವರಿಗೆ ಗಂಟೆ ತುಂಬಾ ಕಮ್ಮಿ. ಡಿ-4ರಲ್ಲಿ ಬಂದವರು ಮೊದಲ 6 ತಿಂಗಳು ಕೇಳುವಂತೆಯೇ ಇಲ್ಲ. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 10,030 ವೋನ್ ಇತ್ತು, ಕೈಖರ್ಚಿಗೆ ಸಾಕು, ಕಾಲೇಜು ಶುಲ್ಕವನ್ನು ಇದರಿಂದಲೇ ಕಟ್ಟುತ್ತೇನೆ ಅನ್ನುವ ಲೆಕ್ಕ ಬೇಡ. ಅನುಮತಿ ಇಲ್ಲದೆ ಸಿಕ್ಕಿಬಿದ್ದರೆ ದಂಡ, ಕೆಲವೊಮ್ಮೆ ವಾಪಸ್ ವಿಮಾನ.

ಪದವಿ ಮುಗಿದ ಮೇಲೆ ಅಲ್ಲೇ ಕೆಲಸ ಹುಡುಕಲು ಡಿ-10 ವೀಸಾ, ಕೆಲಸ ಸಿಕ್ಕರೆ ಇ-7. ಇಲ್ಲೂ ಮತ್ತೆ ಭಾಷೆಯೇ. ಡಿ-10 ಅಂಕಗಳ ಲೆಕ್ಕದಲ್ಲಿ ಕೊಡುವ ವೀಸಾ, ಅದರಲ್ಲಿ ಟಾಪಿಕ್‌ಗೂ ಅಂಕವಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವವರು ಕೊನೆಯ ವರ್ಷಕ್ಕೆ ಕಾಯದೆ ಎರಡನೇ ಸೆಮಿಸ್ಟರಿನಿಂದಲೇ ಕ್ಯಾಂಪಸ್ಸಿನ ಭಾಷಾ ತರಗತಿಗೆ ಹೆಸರು ಕೊಡಿ, ಸೇರಿದ ವಿದ್ಯಾರ್ಥಿಗಳಿಗೆ ಬಹಳ ಕಡೆ ಅದು ಉಚಿತ.