ವೀರಗಲ್ಲಿಗೊಂದು ಸರ್ವೆ ನಂಬರ್

ಮೂವತ್ತೊಂದು ವರ್ಷ ಸರ್ವೆಯರ್ ಕೆಲಸ ಮಾಡಿದವನು ನಾನು. ಅಳೆಯಲು ಹೋದ ಹೊಲಗಳ ಬದುವಿನಲ್ಲಿ ಎಷ್ಟೋ ವೀರಗಲ್ಲು ನೋಡಿದ್ದೇನೆ. ನೆರಳು ಬಿದ್ದಾಗ ಪಕ್ಕದಲ್ಲೇ ಕೂತು ಬುತ್ತಿ ಉಂಡಿದ್ದೇನೆ. ಆದರೆ ಒಂದನ್ನೂ ಸ್ಕೆಚ್‌ನಲ್ಲಿ ಗುರುತು ಹಾಕಲಿಲ್ಲ. ಯಾರೂ ಕೇಳಿರಲಿಲ್ಲ, ನನಗೂ ಹೊಳೆಯಲಿಲ್ಲ.

ರಿಟೈರ್ ಆಗಿ ಬೆಂಗಳೂರಿನ ಉತ್ತರಕ್ಕಿರುವ ನಮ್ಮೂರಿಗೆ ಬಂದೆ. ನಾನೇ ಎಲ್ಲೆ ಅಳೆದು ಹದ್ದುಬಸ್ತು ಮಾಡಿಕೊಟ್ಟಿದ್ದ ಹೊಲವೊಂದು ಲೇಔಟ್ ಆಗಿತ್ತು. ಅಲ್ಲಿದ್ದ ಕಲ್ಲು ಚರಂಡಿಗೆ ಚಪ್ಪಡಿಯಾಗಿ ಬಿದ್ದಿತ್ತು. ಕುದುರೆ ಮೇಲಿನ ವೀರನ ಎದೆ ಮೇಲೆ ಕಾಲಿಟ್ಟು ಜನ ದಾಟುತ್ತಿದ್ದರು. ಬಿಲ್ಡರ್‌ನ ಬೈದು ಏನು ಮಾಡೋದು? ಅವನ ಕೈಗೆ ಹೋದ ನಕ್ಷೆಯಲ್ಲಿ ಕಲ್ಲೇ ಇರಲಿಲ್ಲವಲ್ಲ. ಆ ನಕ್ಷೆ ಬರೆದವನು ನಾನೇ.

ಹಾಗಾಗಿ ಕಲ್ಲನ್ನು ಕಾಗದಕ್ಕೆ ಏರಿಸುವ ಕೆಲಸ ಹೇಗೆ ಅಂತ ಬರೆಯುತ್ತಿದ್ದೇನೆ.

ಮೊದಲು ಊರು ಸುತ್ತಿ. ಕುರಿ ಕಾಯುವವರನ್ನು ಜೊತೆಗೆ ಕರೆದುಕೊಳ್ಳಿ. ಯಾವ ಬೇಲಿಯೊಳಗೆ ಏನಿದೆ ಅಂತ ಅವರಿಗೆ ಗೊತ್ತಿರುವಷ್ಟು ಪಂಚಾಯಿತಿಗೂ ಗೊತ್ತಿರುವುದಿಲ್ಲ. ವೀರಗಲ್ಲಲ್ಲಿ ಸಾಮಾನ್ಯವಾಗಿ ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ ಇರುತ್ತಾರೆ. ಬಳೆ ತೊಟ್ಟ ಮಡಿಸಿದ ತೋಳು ಕಂಡರೆ ಅದು ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿಗೆ ನೆಟ್ಟ ಕಲ್ಲು. ಲಿಂಗಮುದ್ರೆ, ವಾಮನಮುದ್ರೆ ಕಲ್ಲುಗಳನ್ನು ಮರೆಯಬೇಡಿ. ದೇವರಿಗೆ ಬಿಟ್ಟ ದಾನದ ಜಮೀನಿನ ಎಲ್ಲೆ ತೋರಿಸಲು ನೆಟ್ಟವು ಅವು. ನನ್ನ ಮಟ್ಟಿಗೆ ಹಳೇ ಕಾಲದ ಸರ್ವೆ ಕಲ್ಲುಗಳೇ. ಅವುಗಳ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಅಕ್ಷರ ಕಾಣಲಿಲ್ಲ ಅಂತ ಮೈದಾ, ಸೀಮೆಸುಣ್ಣ ಉಜ್ಜಬೇಡಿ. ಕತ್ತಲಾದ ಮೇಲೆ ಹೋಗಿ ಬದಿಯಿಂದ ಓರೆಯಾಗಿ ಟಾರ್ಚ್ ಬಿಡಿ. ಹಗಲಲ್ಲಿ ಬರೀ ಬಂಡೆ ಅನ್ನಿಸಿದ್ದರಲ್ಲಿ ಸಾಲುಗಳು ಎದ್ದು ಬರುತ್ತವೆ. ಹಾಗೇ ಫೋಟೋ ತೆಗೆಯಿರಿ. ಆಮೇಲೆ ಬಿ.ಎಲ್. ರೈಸ್ ಮಾಡಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟದಲ್ಲಿ ನಿಮ್ಮೂರ ಹೆಸರು ಹುಡುಕಿ. ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳು 1905ರಲ್ಲಿ ಬಂದ 9ನೇ ಸಂಪುಟದಲ್ಲಿವೆ. ಕಲ್ಲು ಊರಿನ ಯಾವ ದಿಕ್ಕಿಗಿತ್ತು, ಯಾವ ಗುಡಿ ಹತ್ತಿರ ಇತ್ತು ಅಂತ ಅದರಲ್ಲಿ ಬರೆದಿರುತ್ತಾರೆ. ಪುಸ್ತಕದಲ್ಲಿ ಇದ್ದು ಜಾಗದಲ್ಲಿ ಇಲ್ಲದಿದ್ದರೆ ಚರಂಡಿ, ಮೆಟ್ಟಿಲು, ಬಟ್ಟೆ ಒಗೆಯುವ ಜಾಗ, ಎಲ್ಲಾ ಕಡೆ ಒಮ್ಮೆ ನೋಡಿ.

ಈಗ ನನ್ನ ಕಸುಬಿನ ಮಾತು. ಕಲ್ಲಿನ ಪಕ್ಕ ನಿಂತು ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ಸರ್ವೆ ನಂಬರ್ ತೋರಿಸುತ್ತದೆ. ಅದೊಂದನ್ನೇ ನಂಬಬೇಡಿ. ಫೋನು ಕೆಲವು ಮೀಟರ್ ಆಚೀಚೆ ತೋರಿಸಬಹುದು, ಬದುವಿನ ಮೇಲಿರುವ ಕಲ್ಲು ಪಕ್ಕದವನ ಹೊಲಕ್ಕೆ ಹೋಗಿಬಿಡುತ್ತದೆ. ಹತ್ತಿರದ ಎರಡು ಬಾಂದು ಕಲ್ಲುಗಳಿಂದ (ಸರ್ವೆಯವರು ನೆಟ್ಟ ಗಡಿ ಕಲ್ಲು) ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ಎರಡು ಅಳತೆ ಇದ್ದರೆ ನಾಳೆ ಕಲ್ಲನ್ನು ಯಾರಾದರೂ ಸರಿಸಿದರೂ ಮೊದಲು ಎಲ್ಲಿತ್ತು ಅಂತ ತೋರಿಸಬಹುದು. ಆಮೇಲೆ ಪಹಣಿ ತೆಗೆಸಿ. ‘ಬಿ’ ಖರಾಬು ಅಂತಿದ್ದರೆ ಅದು ಸಾರ್ವಜನಿಕರಿಗೆ ಬಿಟ್ಟ ಜಾಗ, ಅರ್ಧ ಕೆಲಸ ಮುಗಿದಂತೆ.

ಖಾಸಗಿ ಹಿಡುವಳಿ ಜಮೀನಾದರೆ ಯಾವ ಕಚೇರಿಗೂ ಹೋಗುವ ಮುಂಚೆ ಮಾಲೀಕರ ಮನೆಗೆ ಹೋಗಿ. ನಾನು ಇಲ್ಲೇ ಎಡವಿದ್ದು. ಊರಲ್ಲಿ ಉಳಿದಿದ್ದ ಎರಡನೇ ವೀರಗಲ್ಲಿನ ವಿಚಾರಕ್ಕೆ ನೇರವಾಗಿ ಅರ್ಜಿ ಕೊಟ್ಟೆ. ಮಾರನೇ ದಿನವೇ ಜಮೀನಿನವರು ಬಾಗಿಲಿಗೆ ಬಂದರು. "ಏನಣ್ಣ, ನಮ್ಮ ಜಮೀನು ಸರ್ಕಾರಕ್ಕೆ ಬರೆಸ್ತೀಯಾ?" ಅಂದರು. ಅವರ ಭಯ ಸುಳ್ಳಲ್ಲ. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಆದರೆ ಹೊಲದ ಬದುವಿನ ವೀರಗಲ್ಲುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅನುಮಾನವಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಪಟ್ಟಿ ಕೇಳಿ, ಅದನ್ನೇ ಮಾಲೀಕರಿಗೆ ತೋರಿಸಿ. ನಾನು ತೋರಿಸಿದೆ. ಎರಡು ಸಲ ಕಾಫಿ ಆಯ್ತು, ಮೂರನೇ ಸಲ ಅವರೇ ಕಲ್ಲಿನ ಸುತ್ತ ಬೆಳೆದಿದ್ದ ಲಂಟಾನ ಕಡಿದರು.

ಮುಂದಿನದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಭಾಷಣ ಬೇಡ. ಸರ್ವೆ ನಂಬರ್, ಅಳತೆ, ಫೋಟೋ ಇರುವ ಒಂದು ಹಾಳೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಗೆ ಕೊಡಿ. "ಇವು ಊರಿನ ಸ್ವತ್ತು, ಇದ್ದಲ್ಲೇ ಉಳಿಸಬೇಕು" ಅಂತ ನಡವಳಿ ಪುಸ್ತಕದಲ್ಲಿ ಬರೆಸಿ, ಸಭೆ ಮುಗಿಯುವ ಮುಂಚೆ ಓದಿಸಿ ಕೇಳಿ. ದೃಢೀಕರಿಸಿದ ಪ್ರತಿ ತೆಗೆದುಕೊಳ್ಳಿ. ಊರಿನ ಮರಗಳ ಗುಂಡುತೋಪು ಇದ್ದರೆ ಅದನ್ನೂ ಸೇರಿಸಿ, ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೂ ಹೇಳಿ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹುಣಸೆ ಮರಕ್ಕೆ ಸಿಕ್ಕ ಮರ್ಯಾದೆ ನೋಡಿ!

ಪಂಚಾಯಿತಿ ನಡವಳಿ ಇದ್ದರೂ ಯಾವ ಜಮೀನು ಯಾವುದಕ್ಕೆ ಅಂತ ತೋರಿಸುವ ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್‌ನಲ್ಲಿ ಕಲ್ಲು ಇರದಿದ್ದರೆ ಕಷ್ಟ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಕರಡು ನಕ್ಷೆ ಪ್ರಕಟಿಸಿ 60 ದಿನ ಆಕ್ಷೇಪಣೆ ಕೇಳುತ್ತಾರೆ. ಪ್ರಕಟಣೆ ಪೇಪರಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಯುಗಾದಿಗೋ ದೀಪಾವಳಿಗೋ ಬಂದರೆ ಯಾರೂ ನೋಡಿರುವುದಿಲ್ಲ. ಕಚೇರಿಗೆ ಹೋಗಿ ಗೋಡೆಗೆ ಹಾಕಿದ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಹುಡುಕಿ. ಹಳದಿ ಬಣ್ಣವೆಂದರೆ ವಸತಿ. ನಮ್ಮ ಎರಡನೇ ವೀರಗಲ್ಲೂ, ಪಕ್ಕದ ಕಲ್ಯಾಣಿಯೂ ಹಳದಿಯೊಳಗೆ ಮುಳುಗಿಹೋಗಿದ್ದವು.

ಆಕ್ಷೇಪಣೆಯಲ್ಲಿ "ನಮ್ಮ ಸಂಸ್ಕೃತಿ ನಾಶವಾಗುತ್ತಿದೆ" ಅಂತ ಬರೆದರೆ ಫೈಲಿಗೆ ಹೋಗಿ ಮಲಗುತ್ತದೆ. ಒಂದು ಸರ್ವೆ ನಂಬರಿಗೆ ಒಂದು ಕಾಗದ. ಏನಿದೆ, ಎಲ್ಲಿದೆ, ನಕ್ಷೆಯಲ್ಲಿ ಏನು ತಿದ್ದಬೇಕು, ಈ ಮೂರೇ ವಿಷಯ. ಜೊತೆಗೆ ಗ್ರಾಮಸಭೆಯ ಪ್ರತಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಏನು ಕೇಳಬೇಕು ಅನ್ನುವುದರಲ್ಲೇ ಇದೆ ಜಾಣತನ. ಲೇಔಟ್ ಮಾಡಬೇಡಿ ಅಂದರೆ ಜಮೀನಿನವರೂ ಬಿಲ್ಡರೂ ಒಂದಾಗಿ ನಿಮ್ಮ ಮೇಲೆ ಬೀಳುತ್ತಾರೆ. ಲೇಔಟ್‌ನಲ್ಲಿ ಪಾರ್ಕಿಗೆ ಹೇಗೂ ಜಾಗ ಬಿಡಲೇಬೇಕು, ಅಲ್ವಾ? ಆ ಪಾರ್ಕು ಕಲ್ಲಿರುವ ಕಡೆಗೇ ಬರಲಿ ಅಂತ ಕೇಳಿ. ಯಾರಿಗೂ ಒಂದು ಅಡಿ ಜಾಸ್ತಿ ನಷ್ಟವಿಲ್ಲ. ಕಲ್ಯಾಣಿಗೆ ನೀರು ತರುವ ಕಾಲುವೆಯನ್ನೂ ಗುರುತಿಸಲು ಹೇಳಿ. ಕಲ್ಯಾಣಿ ಮಾತ್ರ ಉಳಿಸಿ ಕಾಲುವೆ ಮುಚ್ಚಿದರೆ ಉಳಿಯುವುದು ಕಸದ ಗುಂಡಿ.

ನಮ್ಮ ಪಾರ್ಕು ಹಾಗೇ ಬಂತು. ವೀರಗಲ್ಲು ಇದ್ದ ಜಾಗದಲ್ಲೇ ಇದೆ, ಸುತ್ತ ಕಲ್ಲುಬೆಂಚು ಹಾಕಿದ್ದಾರೆ. ಚರಂಡಿಯ ಕಲ್ಲನ್ನೂ ಎತ್ತಿಸಿ ಪಕ್ಕದಲ್ಲಿ ನಿಲ್ಲಿಸಿದೆವು. ಹೋದ ಶ್ರಾವಣದಲ್ಲಿ ಹುಡುಗರು ವೀರನಿಗೆ ಬಳಿಯಲು ಬಂಗಾರದ ಬಣ್ಣದ ಪೇಂಟ್ ಡಬ್ಬ ತಂದಿದ್ದರು. ಕಿತ್ತುಕೊಂಡು ಪಾರ್ಕಿನ ಗೇಟಿಗೆ ಬಳಿಸಿದೆ.