ಬೀಳ್ತಾರೆ ಅಂತ ಕೂರಿಸಬೇಡಿ, ನಿಲ್ಲಿಸಿ

ವಯಸ್ಸಾದವರು ಒಂದು ಸಲ ತೂರಾಡಿದರೆ ಸಾಕು, ಮಕ್ಕಳು ಅವರನ್ನು ಕುರ್ಚಿಗೆ ಅಂಟಿಸಿಬಿಡುತ್ತಾರೆ. "ನೀವು ಏಳಬೇಡಿ, ನಾನೇ ತಂದುಕೊಡ್ತೀನಿ." ನೀರು ಕೈಗೆ, ಕನ್ನಡಕ ಕೈಗೆ, ಫೋನೂ ಕೈಗೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಕೆಲವು ವಾರ ಹೀಗೇ ಕೂರಿಸಿ ನೋಡಿ, ತೊಡೆಯಲ್ಲಿ ಉಳಿದಿದ್ದ ಅಷ್ಟಿಷ್ಟು ಕಸುವೂ ಇಳಿದು, ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಗೂ ಗೋಡೆ ತಡಕಾಡುವ ಹಾಗಾಗುತ್ತದೆ.

ನನಗೂ ಆಗಿತ್ತು. ಎರಡು ವರ್ಷದ ಹಿಂದೆ ಫೋನ್ ಬಂತು ಅಂತ ಹಾಸಿಗೆಯಿಂದ ದಡಬಡ ಎದ್ದೆ. ಕಣ್ಣು ಕತ್ತಲೆ ಬಂತು, ಕೈ ಊರಿ ಬಿದ್ದೆ, ಮಣಿಕಟ್ಟು ಮುರಿಯಿತು. ಮಲಗಿದ್ದವರು ಥಟ್ಟನೆ ಎದ್ದರೆ ಬಿಪಿ ಇಳಿಯುತ್ತದೆ. ಮಂಚದ ಅಂಚಿನಲ್ಲಿ ಕೂತು, ಪಾದ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ ಆಮೇಲೆ ಏಳಬೇಕು. ಎಲ್ಲರಿಗೂ ಗೊತ್ತು, ಯಾರೂ ಮಾಡಲ್ಲ. ಮೂಳೆಯೇನೋ ಕೂಡಿಕೊಂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಅದನ್ನು ಬಿಡಿಸಿದ್ದು ಫಿಸಿಯೋಥೆರಪಿ ಮಾಡಿಸಿದ ಹುಡುಗಿ, ಅದೂ ಅಡುಗೆಮನೆ ಕಟ್ಟೆ ಮುಂದೆ ನಿಲ್ಲಿಸಿ, ಬ್ಯಾಲೆನ್ಸ್ ವ್ಯಾಯಾಮ ಕಲಿಸಿ.

ಮೊನ್ನೆ ನನ್ನ ತಂಗಿಯ ಮಗ ಅವಳನ್ನು ಕೋಣೆಯ ನಟ್ಟನಡುವೆ ಒಂಟಿ ಕಾಲಲ್ಲಿ ನಿಲ್ಲಿಸಿ ಫೋನಲ್ಲಿ ಸೆಕೆಂಡ್ ಎಣಿಸುತ್ತಿದ್ದ. ಹಿಡಿಯೋಕೆ ಸುತ್ತ ಏನೂ ಇಲ್ಲ, ಕಾಲಲ್ಲಿ ಸಾಕ್ಸ್ ಬೇರೆ! ಪರೀಕ್ಷೆ ಬೇರೆ, ಅಭ್ಯಾಸ ಬೇರೆ ಕಣೋ ಅಂತ ಬೈದೆ.

ಸರಿಯಾಗಿ ಮಾಡೋದು ಹೀಗೆ. ಮುಂದೆ ಕಟ್ಟೆ, ಹಿಂದೆ ಭಾರದ ಕುರ್ಚಿ, ಚಕ್ರ ಇರೋದು ಬೇಡ. ನೆಲ ಒಣಗಿರಲಿ, ಕಾಲು ಬರಿದಾಗಿರಲಿ. ಎರಡೂ ಅಂಗೈ ಕಟ್ಟೆ ಮೇಲೆ ಊರಿ, ಮೊದಲು ಪಾದ ಜೋಡಿಸಿ ನಿಲ್ಲಿ. ಅದು ಸುಲಭ ಅನಿಸಿದಾಗ ಒಂದು ಪಾದ ಅರ್ಧ ಮುಂದೆ ಬರಲಿ. ಕೆಲವು ದಿನ ಬಿಟ್ಟು ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ, ಒಂದೇ ಗೆರೆಯಲ್ಲಿ. ಹತ್ತರವರೆಗೆ ಬಾಯಿಬಿಟ್ಟು ಎಣಿಸಿ, ಇಲ್ಲದಿದ್ದರೆ ಉಸಿರು ಕಟ್ಟಿಕೊಂಡು ನಿಲ್ಲುತ್ತೀರಿ. ನೋಟ ಎದುರುಗೋಡೆ ಮೇಲಿರಲಿ, ಪಾದದ ಮೇಲಲ್ಲ. ಕಣಕಾಲು ಸಣ್ಣಗೆ ನಡುಗುತ್ತದೆ. ನಡುಗಲಿ, ಕಾಲು ಕಲಿಯುತ್ತಿರೋದೇ ಅದು.

ಈಗ ಕೈ ಬಿಡಿಸೋ ಕೆಲಸ. ಇದನ್ನೇ ಎಲ್ಲರೂ ಕೆಡಿಸೋದು. ಅಂಗೈಯಿಂದ ಬೆರಳ ತುದಿಗೆ, ಹತ್ತು ಬೆರಳಿಂದ ಎರಡಕ್ಕೆ, ಕೊನೆಗೆ ಒಂದೇ ತೋರುಬೆರಳಿಗೆ ಇಳಿಯಬೇಕು. ಇನ್ನೊಂದು ಕೈ ಕಟ್ಟೆಗೆ ಸ್ವಲ್ಪ ಮೇಲೆ ಸಿದ್ಧವಾಗಿರಲಿ. ಆ ಒಂದು ಬೆರಳ ಕೆಳಗೆ ನಾನೊಂದು ಕಾಗದದ ಚೂರು ಇಡುತ್ತೇನೆ. ಪಕ್ಕದಲ್ಲಿ ನಿಂತವರು ಅದನ್ನು ನಿಧಾನವಾಗಿ ಎಳೆಯಬೇಕು. ಸುಮ್ನೆ ಜಾರಿ ಬಂತೋ, ಬೆರಳು ಮುಟ್ಟಿದೆ ಅಷ್ಟೇ, ನಿಂತಿರೋದು ಕಾಲೇ. ಹರಿಯಿತೋ, ನೀವು ಬೆರಳ ಮೇಲೆ ಭಾರ ಹಾಕಿ ನಿಮಗೆ ನೀವೇ ಸುಳ್ಳು ಹೇಳುತ್ತಿದ್ದೀರಿ. ನನ್ನದು ಮೊದಲ ವಾರ ಪೂರ್ತಿ ಹರಿಯಿತು. ಹಗುರಾಗಿ ಮುಟ್ಟಿದರೂ ಸಾಕು, ಮೈ ಯಾವ ಕಡೆ ವಾಲುತ್ತಿದೆ ಅಂತ ಆ ಬೆರಳು ತಿಳಿಸುತ್ತದೆ. ಕಣ್ಣು, ಒಳಕಿವಿ, ಅಂಗಾಲು ಕೂಡ ಮಾಡೋದು ಇದೇ ಕೆಲಸವನ್ನ.

ಹಲ್ಲುಜ್ಜುವಷ್ಟು ಹೊತ್ತು ದಿನಾ ಮಾಡಿ. 65 ದಾಟಿದವರಿಗೆ ವಾರಕ್ಕೆ 3 ದಿನವಾದರೂ ಬ್ಯಾಲೆನ್ಸ್ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ತಿರುಗಿದಂತಾದರೆ ಮಾತ್ರ ಇದು ಬೇಡ. ಅದು ಕಿವಿಯ ತೊಂದರೆ ಇರಬಹುದು, ಮೊದಲು ಡಾಕ್ಟರಿಗೆ ತೋರಿಸಿ. ಹಾಗೇ ಅವರ ಹತ್ತಿರ ನಿದ್ದೆ ಮಾತ್ರೆ, ಬಿಪಿ ಮಾತ್ರೆಗಳ ಬಗ್ಗೆಯೂ ಕೇಳಿ, ತಲೆ ತಿರುಗೋದಕ್ಕೆ ಅವೂ ಕಾರಣ ಆಗುತ್ತವೆ.

ಅಂದಹಾಗೆ, ನೆಲ ಒರೆಸುವ ನೀರಿಗೆ ಸೋಪು ಸುರಿಯೋದನ್ನು ಯಾರು ಕಲಿಸಿದರೋ! ನೊರೆ ಜಾಸ್ತಿಯಾದರೆ ನೆಲ ಚೊಕ್ಕಟ ಆಗಲ್ಲ, ಒಣಗಿದ ಮೇಲೂ ಜಿಡ್ಡು ಉಳಿದು ಜಾರುತ್ತದೆ. ಒಂದೆರಡು ಹನಿ ಸಾಕು, ಬಟ್ಟೆ ಗಟ್ಟಿಯಾಗಿ ಹಿಂಡಿ.

ಇನ್ನು ಕೋಲು. ಎಡ ಮಂಡಿ ನೋವಿದ್ದರೆ ಕೋಲು ಬಲಗೈಯಲ್ಲಿರಬೇಕು. ನೋವಿರುವ ಕಡೆಯೇ ಹಿಡಿದು ಹೋಗುವವರನ್ನು ಕಂಡರೆ ನಿಲ್ಲಿಸಿ ಕೈ ಬದಲಿಸಿಬಿಡೋಣ ಅನಿಸುತ್ತದೆ ನನಗೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಲಿ. ತುದಿಯ ರಬ್ಬರನ್ನು ಒಮ್ಮೆ ತಿರುಗಿಸಿ ನೋಡಿ, ಗೀರುಗಳು ಸವೆದು ನುಣ್ಣಗಾಗಿದ್ದರೆ ಇವತ್ತೇ ಬದಲಾಯಿಸಿ.